ಮ್ಯಾಟ್ರಿಕ್ಸ್ ರಿಲೋಡೆಡ್‌ನ ನಿಯೋ ಕೋಟು ಹೊಲಿಸಬೇಕು: ಬಟ್ಟೆ ಎಷ್ಟು, ದರ್ಜಿಗೆ ಏನಂತ ಹೇಳೋದು?

ನೀಲಿಗುಳಿಗೆ:

ನಮಸ್ಕಾರ. 2003ರ ‘ದ ಮ್ಯಾಟ್ರಿಕ್ಸ್ ರಿಲೋಡೆಡ್’ ಸಿನಿಮಾದಲ್ಲಿ ನಾಯಕ ನಿಯೋ ಹಾಕೋ ಉದ್ದ ಕಪ್ಪು ಕೋಟು ಗೊತ್ತಲ್ಲ? ನಿಂತ ಕಾಲರು, ಗುಂಡಿ ಹೊರಗೆ ಕಾಣಲ್ಲ, ಸೊಂಟದವರೆಗೆ ಮೈಗೆ ಹಿಡಿದಿರುತ್ತೆ, ಅಲ್ಲಿಂದ ಕೆಳಗೆ ಅರಳುತ್ತೆ. ಅದನ್ನ ಬೆಂಗಳೂರು ಕಾಮಿಕ್ ಕಾನ್‌ಗೆ (ಸಿನಿಮಾ, ಕಾಮಿಕ್ ಪಾತ್ರಗಳ ವೇಷ ಹಾಕ್ಕೊಂಡು ಹೋಗೋ ಮೇಳ) ಹೊಲಿಸಬೇಕು. 1999ರ ಮೊದಲ ಸಿನಿಮಾದ ಕೋಟು ಬೇಡ, ಅದು ಕಾಲರು ಮಡಚಿದ ಟ್ರೆಂಚ್ ಥರದ್ದು. ಇದು ಪಾದ್ರಿಗಳ ನಿಲುವಂಗಿ ಥರದ್ದು.

ಎತ್ತರ 5 ಅಡಿ 9 ಇಂಚು, ಎದೆ 38, ಸೊಂಟ 33, ಸೀಟು 38, ಕುತ್ತಿಗೆ 15½. ನನ್ನ ದರ್ಜಿ ಶೇರ್ವಾನಿ, ಬಂದ್‌ಗಲಾ (ಕತ್ತು ಮುಚ್ಚಿದ ಕೋಟು) ಚೆನ್ನಾಗಿ ಹೊಲೀತಾರೆ. ಫೋಟೋ ತೋರಿಸಿದ್ದಕ್ಕೆ ‘ಇದು ಉದ್ದದ ಶೇರ್ವಾನಿ ಅಷ್ಟೇ ಸರ್, ಮೂರೂವರೆ ಮೀಟರ್ ತನ್ನಿ’ ಅಂದ್ರು. ಹೌದಾ? ಯಾವ ಬಟ್ಟೆ ತಗೊಳ್ಳಲಿ? ಒಳಗೆ ಏನೇನು ಹಾಕಿಸಬೇಕು? ಬಜೆಟ್ ಒಟ್ಟು 15 ಸಾವಿರ.

ಕತ್ತರಿಗಾರ:

ಅಲ್ಲ. ಮೇಲಿನ ಅರ್ಧ ಬಂದ್‌ಗಲಾ ಅನ್ನೋದು ನಿಜ, ಅದಕ್ಕೆ ನಿಮ್ಮ ದರ್ಜಿಯೇ ಸಾಕು. ಕೆಳಗಿನ ಅರ್ಧ ಶೇರ್ವಾನಿ ಅಲ್ಲವೇ ಅಲ್ಲ. ಶೇರ್ವಾನಿ ಸೊಂಟದಿಂದ ಕೆಳಗೆ ಹೆಚ್ಚುಕಮ್ಮಿ ನೇರವಾಗಿ ಇಳಿಯುತ್ತೆ, ನಡೆಯೋಕೆ ಅಂತ ಎರಡೂ ಪಕ್ಕ ಸೀಳು ಬಿಟ್ಟಿರ್ತಾರೆ. ಅದನ್ನೇ ಕಾಲ ಗಿಣ್ಣಿನವರೆಗೆ ಉದ್ದ ಮಾಡಿದರೆ ಮದುವೆ ಗಂಡು ಮಳೆಯಲ್ಲಿ ನೆನೆದ ಹಾಗೆ ಕಾಣುತ್ತೆ. ಈ ಕೋಟಿನ ಜೀವ ಇರೋದು ಕೆಳಗಿನ ಘೇರಿನಲ್ಲಿ, ಅಂದರೆ ಅರಳಿದ ಸುತ್ತಳತೆಯಲ್ಲಿ. ಸೀಳು ಎಲ್ಲೂ ಇಲ್ಲ, ಮುಂದೆ ಮಾತ್ರ ಸೊಂಟದಿಂದ ಕೆಳಗೆ ತೆರೆದಿರುತ್ತೆ.

ದರ್ಜಿಗೆ ಹೀಗೆ ಹೇಳಿ: ‘ಮೇಲೆ ಬಂದ್‌ಗಲಾ, ಕಟಿಂಗು ಪ್ರಿನ್ಸೆಸ್ ಕಟ್, ಎಂಟು ಪೀಸು, ಸೊಂಟದಲ್ಲಿ ಅಡ್ಡ ಹೊಲಿಗೆ ಬೇಡ, ಕೆಳಗೆ ಘೇರು 138ರಿಂದ 140 ಇಂಚು.’ ಪ್ರಿನ್ಸೆಸ್ ಕಟ್ ಅಂದರೆ ಮೇಲಿಂದ ಕೆಳಗಿನ ಅಂಚಿನವರೆಗೆ ಉದ್ದುದ್ದ ಹೊಲಿಗೆಗಳಿಂದಲೇ ಮೈಗೆ ಹಿಡಿಸೋ ಕಟಿಂಗು. ಲೇಡೀಸ್ ಟೈಲರುಗಳಿಗೆ ಇದು ಒಂದೇ ಮಾತಿಗೆ ಅರ್ಥವಾಗುತ್ತೆ, ಜೆಂಟ್ಸ್ ಟೈಲರಿಗೆ ಬಿಡಿಸಿ ಹೇಳಬೇಕು. ಪಾದ್ರಿಗಳ ನಿಲುವಂಗಿ ಹೊಲಿಯೋ ಮಂಗಳೂರು ಕಡೆಯ ದರ್ಜಿ ಯಾರಾದರೂ ಸಿಕ್ಕರೆ ಇನ್ನೂ ಒಳ್ಳೇದು, ಮಾತೇ ಬೇಕಾಗಲ್ಲ.

ನಿಮ್ಮ ಅಳತೆಗೆ ಲೆಕ್ಕ. ಎದೆ 42ಕ್ಕೆ ತೆಗೀಲಿ, ಸೊಂಟ 36ಕ್ಕೆ. ಉದ್ದ ಕತ್ತಿನ ಹಿಂದಿನ ಮೂಳೆಯಿಂದ 54. ನಿಮ್ಮ ಎತ್ತರಕ್ಕೆ ಅದು ನೆಲದಿಂದ ಸುಮಾರು 5 ಇಂಚು ಮೇಲೆ ನಿಲ್ಲುತ್ತೆ. ಎಂಟು ಪೀಸಿಗೆ ಸೊಂಟದಲ್ಲಿ ತಲಾ ನಾಲ್ಕೂವರೆ ಇಂಚು ಬಂತು. ಉಳಿದ ಸುಮಾರು 102 ಇಂಚು ಘೇರನ್ನ ಎಲ್ಲ ಹೊಲಿಗೆಗೂ ಸಮ ಹಂಚಬಾರದು. ಹಿಂದೆ ಜಾಸ್ತಿ, ಮುಂದೆ ಕಡಿಮೆ: ಬೆನ್ನಿನ ನಡು ಹೊಲಿಗೆಯ ಎರಡೂ ಕಡೆ ತಲಾ 9 ಇಂಚು, ಹಾಗೇ ಪ್ರತಿ ಹೊಲಿಗೆಯ ಎರಡೂ ಕಡೆ ಬೆನ್ನಿನ ಪ್ರಿನ್ಸೆಸ್ ಹೊಲಿಗೆಗಳಿಗೆ 8, ಪಕ್ಕದ ಹೊಲಿಗೆಗಳಿಗೆ 7, ಮುಂದಿನ ಪ್ರಿನ್ಸೆಸ್‌ಗೆ 6. ಮುಂದಿನ ತೆರೆದ ಅಂಚಿಗೆ ಸೊನ್ನೆ. ಅದು ಬಟ್ಟೆಯ ಹಾಸಿನ ನೂಲಿಗೆ (ಥಾನಿನ ಉದ್ದಕ್ಕೆ ಓಡೋ ನೂಲು) ನೆಟ್ಟಗೆ ಬರಬೇಕು. ಸಮ ಹಂಚಿದರೆ ಕೋಟು ಗಂಟೆ ಥರ ಎಲ್ಲ ಕಡೆ ಉಬ್ಬುತ್ತೆ. ಹಿಂದೆ ಜಾಸ್ತಿ ಕೊಟ್ಟರೆ ತಿರುಗಿದಾಗ ಹಿಂಭಾಗ ತಡವಾಗಿ ಹಿಂಬಾಲಿಸುತ್ತೆ, ಸಿನಿಮಾದಲ್ಲಿ ಕಣ್ಣಿಗೆ ಹಿಡಿಸೋದು ಅದೇ.

ಬಟ್ಟೆ: 58 ಇಂಚು ಪನ್ನ (ಅಗಲ) ಇದ್ದರೆ ಐದೂವರೆ ಮೀಟರು. ಪೀಸುಗಳ ಉದ್ದ ಮಡಿಕೆ ಸೇರಿ 57 ಇಂಚು. ಎಲ್ಲಾ ಪೀಸೂ ಒಂದೇ ದಿಕ್ಕಿಗೆ ಇಟ್ಟರೆ ಮೂರು ಉದ್ದ ಬೇಕು. ಮೊದಲನೆಯದರಲ್ಲಿ ಬೆನ್ನಿನ ನಡು ಪೀಸು, ಬೆನ್ನಿನ ಪಕ್ಕದ ಪೀಸು, ಮುಂದಿನ ಪೀಸು ತಲಾ ಒಂದು. ಅಗಲ 22½, 20½, 13, ಒಟ್ಟು 56. ಎರಡನೆಯದರಲ್ಲೂ ಅವೇ. ಮೂರನೆಯದರಲ್ಲಿ ಮುಂದಿನ ಪಕ್ಕದ ಪೀಸು ಎರಡು, 37 ಇಂಚು; ಮಿಕ್ಕ 21 ಇಂಚಿನಲ್ಲಿ ಮುಂದಿನ ಒಳಪಟ್ಟಿ, ಕಾಲರು. ಇಷ್ಟಕ್ಕೆ 4.35 ಮೀಟರು. ತೋಳಿಗೆ ಮುಕ್ಕಾಲು. ಉಳಿದಿದ್ದು ಕುಗ್ಗೋದಕ್ಕೆ, ತಪ್ಪಿಗೆ. ಪೀಸುಗಳನ್ನ ಒಂದನ್ನ ಬಿಟ್ಟು ಒಂದು ತಲೆಕೆಳಗಾಗಿ ಕೂರಿಸಿದರೆ ಸುಮಾರು ಒಂದು ಮೀಟರು ಉಳಿಸಬಹುದು, ದರ್ಜಿ ಖಂಡಿತ ಹಾಗೇ ಮಾಡೋಕೆ ನೋಡ್ತಾರೆ. ಬಿಡಬೇಡಿ. ಕಪ್ಪು ಬಟ್ಟೆಯಲ್ಲಿ ಮೇಲಿಂದ ಕೆಳಕ್ಕೆ ಒಂದು ಹೊಳಪು, ಕೆಳಗಿಂದ ಮೇಲಕ್ಕೆ ಇನ್ನೊಂದು. ಹೊಲಿಯುವಾಗ ಗೊತ್ತಾಗಲ್ಲ, ಬಿಸಿಲಿಗೆ ಬಂದರೆ ಪಟ್ಟೆಪಟ್ಟೆ ಕಾಣುತ್ತೆ.

ಹಾಸುಹೊಕ್ಕು:

ಬಟ್ಟೆ ಬಗ್ಗೆ ನಾನು ಹೇಳ್ತೀನಿ.

ಈ ಸಿನಿಮಾ ಅಂದ ಕೂಡಲೇ ಜನ ಲೆದರ್, ರೆಕ್ಸಿನ್ ಅಂತ ಓಡ್ತಾರೆ. ಹೊಳಪು ನಾಯಕಿ ಟ್ರಿನಿಟಿಯ ಉಡುಪಿನದು, ಅದೂ ಚರ್ಮ ಅಲ್ಲ, ಪಿವಿಸಿ ಪ್ಲಾಸ್ಟಿಕ್ಕು. ವಸ್ತ್ರ ವಿನ್ಯಾಸಕಿ ಕಿಮ್ ಬ್ಯಾರೆಟ್ ಮೊದಲ ಸಿನಿಮಾದಲ್ಲೇ ಹಾಗೆ ಮಾಡಿದ್ದರು. ನಿಯೋ ಕೋಟಿಗೆ ಹೊಳಪಿಲ್ಲದ ನೇಯ್ಗೆ ಬಟ್ಟೆಯೇ ಬೇಕು.

ಮೊದಲ ಆಯ್ಕೆ ಉಣ್ಣೆ ಗ್ಯಾಬರ್ಡಿನ್ (ದಟ್ಟವಾಗಿ ನೇಯ್ದ ಬಟ್ಟೆ), 300ರಿಂದ 340 ಜಿಎಸ್ಎಂ, ಅಂದರೆ ಚದರ ಮೀಟರಿಗೆ ಅಷ್ಟು ಗ್ರಾಂ. ನಿಮ್ಮ ಬಜೆಟ್ಟಿಗೆ ಶುದ್ಧ ಉಣ್ಣೆ ತಗೊಂಡರೆ ಹೊಲಿಗೆ ಕೂಲಿಗೆ ಏನೂ ಉಳಿಯದೇ ಹೋಗಬಹುದು. ಅದೇ ತೂಕದ ಪಾಲಿ-ವೂಲ್ ತಗೊಳ್ಳಿ, ಉಣ್ಣೆ ಪಾಲು ಹೆಚ್ಚಿದ್ದಷ್ಟೂ ಒಳ್ಳೇದು. ಅಂಗಡಿಯಲ್ಲಿ ಸಾಮಾನ್ಯವಾಗಿ ತೋರಿಸೋದು ಪ್ಯಾಂಟಿನ ಸೂಟಿಂಗು, 200-240 ಜಿಎಸ್ಎಂ. ಅದರಲ್ಲಿ 140 ಇಂಚು ಘೇರು ಮಾಡಿದರೆ ಫ್ಯಾನ್ ಗಾಳಿಗೇ ಕರ್ಟನ್ ಥರ ಹಾರುತ್ತೆ, ನಿಂತಾಗ ಕಾಲಿಗೆ ಅಂಟಿಕೊಳ್ಳುತ್ತೆ. 400 ದಾಟಿದ ಓವರ್‌ಕೋಟ್ ಬಟ್ಟೆಯೂ ಬೇಡ, ಸೊಂಟದ ಹತ್ತಿರ ಹೊಲಿಗೆಗಳು ಗುಡ್ಡೆ ಕಟ್ಟುತ್ತವೆ. 320ರಲ್ಲಿ ಹೊಲಿದ ಕೋಟು ಲೈನಿಂಗ್ ಸೇರಿ ಒಂದೂವರೆಯಿಂದ ಎರಡು ಕೆಜಿ ತೂಗುತ್ತೆ. ಆ ತೂಕ ಬೇಕು, ಅದಿಲ್ಲದೆ ಕೋಟು ಬೀಸಲ್ಲ.

ಚಿಕ್ಕಪೇಟೆಯಲ್ಲಿ ನಿಂತು ಮಾಡಬಹುದಾದ ಪರೀಕ್ಷೆ: ಥಾನಿನ ಒಂದು ಮೀಟರು ಬಿಚ್ಚಿಸಿ, ಒಂದು ಮೂಲೆ ಹಿಡಿದು ಎತ್ತಿ. ಮಡಿಕೆಗಳು ದುಂಡಗೆ, ಕೊಳವೆ ಥರ ಇಳಿಯಬೇಕು. ಕಾಗದದ ಹಾಗೆ ಮೂಲೆಮೂಲೆಯಾಗಿ ನಿಂತರೆ ಬೇಡ. ಅಂಚಿನ ನಾಲ್ಕು ನೂಲು ಕಿತ್ತು ಬೆಂಕಿ ತೋರಿಸಿ. ಉಣ್ಣೆಗೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತೆ. ಮಿಶ್ರಣದಲ್ಲಿ ಎರಡೂ ಸ್ವಲ್ಪ ಸ್ವಲ್ಪ.

ಕಪ್ಪನ್ನ ಅಂಗಡಿ ಟ್ಯೂಬ್‌ಲೈಟಿನಲ್ಲಿ ನೋಡಿ ಒಪ್ಪಬೇಡಿ, ಬೀದಿ ಬೆಳಕಿಗೆ ತನ್ನಿ. ಒಂದು ಕಪ್ಪು ಕೆಂಪಿಗೆ ವಾಲುತ್ತೆ, ಇನ್ನೊಂದು ಹಸಿರಿಗೆ. ಸ್ಕ್ರೀನ್‌ಶಾಟ್ ಹಿಡ್ಕೊಂಡು ಬಣ್ಣ ಹೊಂದಿಸೋದಂತೂ ವ್ಯರ್ಥ, ಮ್ಯಾಟ್ರಿಕ್ಸ್ ಅನ್ನೋ ಕಂಪ್ಯೂಟರ್ ಲೋಕದೊಳಗಿನ ದೃಶ್ಯಗಳಿಗೆಲ್ಲ ಹಸಿರು ಬಳಿದಿದ್ದಾರೆ. ಐದೂವರೆ ಮೀಟರೂ ಒಂದೇ ಥಾನಿನದಾಗಿರಲಿ. ‘ಇದೇ ನಂಬರು ಸರ್, ನಾಳೆ ಬರುತ್ತೆ’ ಅಂದರೆ ಬೇಡ ಅನ್ನಿ. ನಂಬರು ಒಂದೇ ಇದ್ದರೂ ಬಣ್ಣದ ಪಾಕ ಬೇರೆ ಇರುತ್ತೆ.

ಕತ್ತರಿ ಹಾಕೋ ಮುಂಚೆ ಬಟ್ಟೆ ಕುಗ್ಗಿಸಲೇಬೇಕು. ಹಳೇ ಕಾಟನ್ ಬೆಡ್‌ಶೀಟು ನೆನೆಸಿ ಚೆನ್ನಾಗಿ ಹಿಂಡಿ, ಅದರ ಮೇಲೆ ಬಟ್ಟೆ ಹಾಸಿ ಎರಡನ್ನೂ ಒಟ್ಟಿಗೆ ಚಾಪೆ ಥರ ಸುತ್ತಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬಿಚ್ಚಿ ಚಪ್ಪಟೆಯಾಗಿ ಹರಡಿ ಒಣಗಿಸಿ, ಹಗ್ಗಕ್ಕೆ ಹಾಕಬೇಡಿ. ಒಳಗೆ ಬಿಗಿಗೆ ಅಂತ ಹಾಕೋ ಕ್ಯಾನ್ವಾಸ್, ಹತ್ತಿ ಟೇಪುಗಳನ್ನೂ ಬಿಸಿನೀರಲ್ಲಿ ನೆನೆಸಿ ಒಣಗಿಸಿಟ್ಕೊಳ್ಳಿ. ಇದನ್ನ ತಪ್ಪಿಸಿದರೆ ಮೊದಲ ಡ್ರೈಕ್ಲೀನಿಂಗ್ ಆದಮೇಲೆ ಹೊರಬಟ್ಟೆ ಒಂದಳತೆ, ಒಳಗಿನದು ಒಂದಳತೆ. ಎದೆ ಮೇಲೆ ಗುಳ್ಳೆ ಬರುತ್ತೆ.

ಮಿಷನ್_ಪೆಡಲ್:

ಒಳಗಿನ ಕೆಲಸ.

ಕಾಲರು: ಬಂದ್‌ಗಲಾದ ಒಂದೂವರೆ ಇಂಚು ಇಲ್ಲಿ ಗಿಡ್ಡ ಕಾಣುತ್ತೆ, 2 ಇಂಚಿಗೆ ಮಾಡಿಸಿ. ನೇರ ಪಟ್ಟಿ ಕತ್ತರಿಸಬಾರದು, ಮುಂದಿನ ತುದಿ ಮುಕ್ಕಾಲು ಇಂಚು ಮೇಲೆದ್ದ ಬಾಗು ಬೇಕು. ಒಳಗೆ ಕಾಲರ್ ಕ್ಯಾನ್ವಾಸ್ ಒಂದು ಪದರ, ಅದರ ಮೇಲೆ ಅಂಚಿನಿಂದ ಕಾಲು ಇಂಚು ಒಳಗೆ ಇನ್ನೊಂದು ಪದರ. ಒಳಕಾಲರಿನ ಬಟ್ಟೆ ಓರೆಗೆ ಕತ್ತರಿಸಿದ್ದು. ಶರ್ಟಿನ ಗಟ್ಟಿ ಬಕ್ರಂ ಹಾಕಿದರೆ ಗಂಟೆಯೊಳಗೆ ಗದ್ದಕ್ಕೆ ಕೊರೆಯುತ್ತೆ. ಕಾಲರು ಕೂಡುವ ಕಡೆ ಒಂದು ಹುಕ್ಕು.

ಗುಂಡಿಪಟ್ಟಿ: ಎಡಭಾಗ ಮೇಲೆ ಬರುತ್ತೆ, ಪಟ್ಟಿ ಅದರ ಕೆಳಗೆ ಅಡಗುತ್ತೆ. ಕಾಜಾ ಹಾಕೋ ಒಳಪಟ್ಟಿಯನ್ನ ಕೋಟಿನ ಬಟ್ಟೆಯಲ್ಲಿ ಮಾಡಬೇಡಿ, ಲೈನಿಂಗ್ ಬಟ್ಟೆಯಲ್ಲಿ ಮಾಡಿ ತೆಳು ಪೇಸ್ಟಿಂಗ್ (ಇಸ್ತ್ರಿಯಲ್ಲಿ ಅಂಟಿಸೋ ಒಳಬಟ್ಟೆ) ಕೊಡಿ. ಉಣ್ಣೆಯದೇ ನಾಲ್ಕು ಪದರ ಸೇರಿದರೆ ಎದೆ ನಡುವೆ ರೂಲುದೊಣ್ಣೆ ಇಟ್ಟ ಹಾಗಾಗುತ್ತೆ. 15 ಮಿ.ಮೀ. ಚಪ್ಪಟೆ ಗುಂಡಿ ಆರು. ಮೊದಲನೆಯದು ಕತ್ತಿನ ಹೊಲಿಗೆಯಿಂದ ಒಂದು ಇಂಚು ಕೆಳಗೆ, ಆಮೇಲೆ 2¾ ಇಂಚಿಗೊಂದು. ಕಾಜಾ ಉದ್ದುದ್ದ ಇರಲಿ. ಪ್ರತಿ ಎರಡು ಕಾಜಾ ನಡುವೆ ಒಳಪಟ್ಟಿಯನ್ನ ಕೈಹೊಲಿಗೆಯಲ್ಲಿ ಮೇಲ್ಬಟ್ಟೆಯ ಒಳಮೈಗೆ ಹಿಡಿಸಿ, ಇಲ್ಲದಿದ್ದರೆ ಕೂತಾಗ ಪಟ್ಟಿ ಬಾಯಿ ಬಿಟ್ಟು ಗುಂಡಿಗಳೆಲ್ಲ ದರ್ಶನ ಕೊಡ್ತವೆ.

ಸೊಂಟ: ಇದನ್ನ ಯಾರೂ ಹೇಳಲ್ಲ. ಅಡ್ಡ ಹೊಲಿಗೆ ಇಲ್ಲದ್ದರಿಂದ ಕೆಳಗಿನ ಘೇರಿನ ಭಾರವೆಲ್ಲ ಹೆಗಲಿಗೆ, ಕೊನೇ ಗುಂಡಿಗೆ ಬೀಳುತ್ತೆ. ಒಳಗಡೆ ಸೊಂಟದ ಸುತ್ತ ಅರ್ಧ ಇಂಚಿನ ಹತ್ತಿ ಟೇಪು ಓಡಿಸಿ, ಏಳೂ ಹೊಲಿಗೆಗಳ ಒಳಮಡಿಕೆಗೆ ಮಾತ್ರ ಹಿಡಿಸಿ, ಮುಂದೆ ಪ್ಯಾಂಟಿನ ದೊಡ್ಡ ಹುಕ್ಕು ಹಾಕಿ. ಟೇಪಿನ ಅಳತೆ ಕೋಟಿನ ಸೊಂಟಕ್ಕಿಂತ ಒಂದು ಇಂಚು ಕಡಿಮೆ. ಮೊದಲು ಹುಕ್ಕು, ಆಮೇಲೆ ಗುಂಡಿ.

ಹೊಲಿಗೆಯ ಒಳಮಡಿಕೆಗೆ ಸೊಂಟದ ಹತ್ತಿರ ಕತ್ತರಿ ಕಚ್ಚು ಕೊಡಲೇಬೇಕು, ಮೂರು ನಾಲ್ಕು ಕಡೆ. ಇಲ್ಲದಿದ್ದರೆ ಹೊರಗೆ ಅಡ್ಡ ಸುಕ್ಕು ನಿಲ್ಲುತ್ತೆ, ಎಷ್ಟು ಇಸ್ತ್ರಿ ಮಾಡಿದರೂ ಹೋಗಲ್ಲ.

ಎದೆಗೆ ಪೇಸ್ಟಿಂಗೇ ಸಾಕು. ಎರಡು ಸಲ ಹಾಕೋ ಕೋಟಿಗೆ ಕೈಹೊಲಿಗೆ ಕ್ಯಾನ್ವಾಸ್ ದುಡ್ಡು ದಂಡ.

ಕತ್ತರಿಗಾರ:

ಕೊನೇ ಮಾತು ನಾನು ಒಪ್ಪಲ್ಲ. ಗ್ಯಾಬರ್ಡಿನ್ ನೇಯ್ಗೆ ದಟ್ಟ, ಮೈ ನುಣುಪು. ಪೇಸ್ಟಿಂಗಿನ ಅಂಟು ಸರಿಯಾಗಿ ಹಿಡಿಯಬೇಕಾದರೆ ಒತ್ತುವ ಮಿಷನ್ನೇ ಬೇಕು; ಕೈ ಇಸ್ತ್ರಿಯಲ್ಲಿ ಅಂಟಿಸಿದ್ದು ಒಂದೆರಡು ಡ್ರೈಕ್ಲೀನಿಂಗಿಗೆ ಅಲ್ಲಲ್ಲಿ ಬಿಡುತ್ತೆ. ಕಪ್ಪು ಸಾದಾ ಬಟ್ಟೆಯಲ್ಲಿ ಆ ಗುಳ್ಳೆ ಮುಚ್ಚೋಕೆ ಆಗಲ್ಲ. ಹೆಗಲಿನಿಂದ ಎದೆಯ ತನಕ ಕ್ಯಾನ್ವಾಸನ್ನ ಕಚ್ಚಾ ಹೊಲಿಗೆಯಲ್ಲಿ ಹಿಡಿಸಿ, ಮುಂದಿನ ಅಂಚಿಗಷ್ಟೇ ತೆಳು ಪೇಸ್ಟಿಂಗ್ ಹಾಕಿಸಿ. ಬಂದ್‌ಗಲಾ ಹೊಲಿಯೋ ದರ್ಜಿಗೆ ಇದು ಹೊಸದಲ್ಲ.

ಇನ್ನೊಂದು: ಐದೂವರೆ ಮೀಟರಿಗೆ ನೇರ ಕತ್ತರಿ ಹಾಕಬೇಡಿ. ಮಾಂಜರಪಾಟ (ಅಗ್ಗದ ಸಾದಾ ಹತ್ತಿ) ಬಟ್ಟೆಯಲ್ಲಿ ಮೊದಲು ಟ್ರಯಲ್‌ಗೆ ಒಂದು ಹೊಲಿಸಿ, ಪೂರ್ತಿ ಉದ್ದಕ್ಕೆ. ಅದು ಹಗುರ, ಬೀಳೋ ರೀತಿ ಬೇರೆ, ಆದ್ದರಿಂದ ಘೇರು ಹೇಗೆ ಆಡುತ್ತೆ ಅಂತ ಅದರಲ್ಲಿ ನೋಡಬೇಡಿ. ಹೆಗಲು, ಕಂಕುಳು, ಕಾಲರು, ಸೊಂಟ ಎಲ್ಲಿ ಕೂತಿದೆ, ಅಷ್ಟು ಮಾತ್ರ ನೋಡಿ.

ನೀಲಿಗುಳಿಗೆ:

ತುಂಬಾ ಥ್ಯಾಂಕ್ಸ್. ಮಾಂಜರಪಾಟದ್ದು ಟ್ರಯಲ್ ಆಯ್ತು. ಮೂರು ತೊಂದರೆ:

ಒಂದು, ಕೈ ಎತ್ತಿದರೆ ಇಡೀ ಕೋಟು ಜೊತೆಗೆ ಏಳುತ್ತೆ, ಕಾಲರು ಕಿವಿಗೆ ಬರುತ್ತೆ. ಎರಡು, ಸುಮ್ಮನೆ ನಿಂತಾಗಲೇ ಮುಂದಿನ ಎರಡು ಅಂಚೂ ಸೊಂಟದ ಕೆಳಗೆ ಬಾಗಿಲು ತೆಗೆದ ಹಾಗೆ ಪಕ್ಕಕ್ಕೆ ಹೋಗ್ತವೆ, ಒಂದು ಗೇಣಿಗಿಂತ ಜಾಸ್ತಿ. ಮೂರು, ಕಾಲರು ಹಿಂದೆ ಸರಿ ಇದೆ, ಮುಂದೆ ಕುತ್ತಿಗೆಯಿಂದ ದೂರ ನಿಲ್ಲುತ್ತೆ. ದರ್ಜಿ ‘ಸೀಟು ಟೈಟು, ಪಕ್ಕದಲ್ಲಿ ಸೀಳು ಕೊಡೋಣ’ ಅಂತಾರೆ.

ಕತ್ತರಿಗಾರ:

ಸೀಳು ಬೇಡವೇ ಬೇಡ. ಸೊಂಟದಿಂದ 8 ಇಂಚು ಕೆಳಗೆ ಈ ಕಟಿಂಗಿನಲ್ಲಿ 58 ಇಂಚು ಸುತ್ತು ಬರುತ್ತೆ, ನಿಮ್ಮ ಸೀಟು 38. ಇಪ್ಪತ್ತು ಇಂಚು ಸಡಿಲ ಇರುವಾಗ ಟೈಟು ಎಲ್ಲಿಂದ?

ಎರಡನೇದಕ್ಕೆ ಮೊದಲು ಮುಂದಿನ ಅಂಚು ನೋಡಿ. ದರ್ಜಿ ಘೇರನ್ನ ಅಲ್ಲಿಗೂ ಹಂಚಿ ಓರೆಯಾಗಿ ಕತ್ತರಿಸಿದ್ದರೆ ಅದು ಹೊರಗೆ ಓಡೋದು ಸಹಜ, ನೇರ ಮಾಡಿಸಿ. ಅಂಚು ನೂಲಿಗೆ ನೇರವೇ ಇದ್ದರೆ ಮುಂಭಾಗದ ಉದ್ದ ಸಾಲ್ತಿಲ್ಲ ಅಂತ. ಅಂದರೆ ಹೆಗಲಿನಿಂದ ಸೊಂಟಕ್ಕೆ ಬರೋ ಅಳತೆ ಬೆನ್ನಿಗೆ ಹೋಲಿಸಿದರೆ ಗಿಡ್ಡ, ಹಾಗಾಗಿ ಮುಂಭಾಗ ಮೇಲಕ್ಕೆ ಜಗ್ಗಿ ಎರಡೂ ಕಡೆ ತೆರೆದುಕೊಳ್ಳುತ್ತೆ. ಮೈಮೇಲೆ ಇರುವಾಗಲೇ ಹೆಗಲ ಹೊಲಿಗೆ ಬಿಚ್ಚಿಸಿ, ಮುಂಭಾಗವನ್ನ ಕತ್ತಿನ ಕಡೆ ಸ್ವಲ್ಪ ಸ್ವಲ್ಪ ಇಳಿಬಿಡಿ. ಎಲ್ಲಿ ಎರಡೂ ಅಂಚು ಪ್ಲಂಬ್ ಬಿಟ್ಟ ಹಾಗೆ ನೆಟ್ಟಗೆ ನಿಲ್ಲುತ್ತವೋ ಅಲ್ಲಿ ಪಿನ್ನು. ಸಾಮಾನ್ಯವಾಗಿ ಕಾಲು ಇಂಚಿನಿಂದ ಅರ್ಧ ಇಂಚಿನಲ್ಲಿ ಮುಗಿಯುತ್ತೆ. ಜಾಸ್ತಿ ಇಳಿಬಿಟ್ಟರೆ ಅಂಚುಗಳು ಒಂದರ ಮೇಲೊಂದು ಹತ್ತುತ್ತವೆ, ಆಗ ಹಿಂದಕ್ಕೆ ಬನ್ನಿ. ಆ ಅಳತೆಯನ್ನ ಮುಂದಿನ ಪ್ಯಾಟರ್ನಿನ ಹೆಗಲಿಗೆ ಸೇರಿಸಿ.

ಮೊದಲನೇದು ಕಂಕುಳು ತಗ್ಗಾಗಿದೆ. ಶೇರ್ವಾನಿ ರೂಢಿಯಲ್ಲಿ, ಒಳಗೆ ಕುರ್ತಾ ಇರುತ್ತೆ ಅಂತ, ಆರ್ಮ್‌ಹೋಲ್ ಕೆಳಗೆ ಇಳಿಸಿರ್ತಾರೆ. ಕಂಕುಳಿಂದ ಒಂದು ಇಂಚಷ್ಟೇ ಕೆಳಗೆ ಬರೋ ಹಾಗೆ ಮೇಲಕ್ಕೆತ್ತಿಸಿ, ತೋಳಿನ ಒಳಪೀಸನ್ನೂ ಅದಕ್ಕೆ ತಕ್ಕಂತೆ ಎತ್ತಬೇಕು. ಕೇಳೋಕೆ ಉಲ್ಟಾ ಅನ್ಸುತ್ತೆ, ಆದರೆ ಆರ್ಮ್‌ಹೋಲ್ ಚಿಕ್ಕದಾದಷ್ಟೂ ಕೈ ಸಲೀಸಾಗಿ ಆಡುತ್ತೆ. ಆದರೂ ಸಾಲದಿದ್ದರೆ ಜುಬ್ಬಾದ ಕಂಕುಳಿಗೆ ಹಾಕೋ ಥರ 3 ಇಂಚಿನ ಚೌಕ ತುಂಡು, ಕೈ ಇಳಿಸಿದರೆ ಕಾಣಲ್ಲ.

ಕಾಲರು ನೇರ ಪಟ್ಟಿಯಲ್ಲೇ ಮಾಡಿದ್ದಾರೆ. ಮಿಷನ್_ಪೆಡಲ್ ಹೇಳಿದ ಬಾಗು ಕೊಡಿಸಿ.

ಒಂದು ಅಡ್ಡ ಮಾತು. ಸಿನಿಮಾದಲ್ಲಿ ಖಳ ಏಜೆಂಟ್ ಸ್ಮಿತ್‌ನ ನೂರಾರು ಪ್ರತಿಗಳ ಜೊತೆಗಿನ ಹೊಡೆದಾಟ ನೋಡಿ ‘ಅಷ್ಟು ಬೀಸ್ತಿಲ್ಲ’ ಅಂತ ಘೇರು ಏರಿಸೋಕೆ ಹೋಗಬೇಡಿ. ಅಲ್ಲಿ ಎಷ್ಟೋ ಶಾಟುಗಳಲ್ಲಿ ಆಳೂ ಕಂಪ್ಯೂಟರಿಂದು, ಕೋಟೂ ಕಂಪ್ಯೂಟರಿಂದು.

ಧಾರವಾಡ_ದಾರ:

ಎಲ್ಲಾ ಚಲೋ ಹೇಳ್ಯಾರ, ಆದರ ಕೆಳಗಿನ ಅಂಚಿನ ಮಾತ ಯಾರೂ ಎತ್ತಲಿಲ್ಲ. ಕೆಡೋದು ಅಲ್ಲೇ ರೀ.

ಘೇರಿನ ಹೊಲಿಗಿ ಎಲ್ಲಾ ಓರೆ ಬರ್ತಾವ. ಓರೆ ಬಟ್ಟಿ ಭಾರಕ್ಕ ಜಗ್ಗತೈತಿ, ನೆಟ್ಟಗ ಇದ್ದದ್ದು ಜಗ್ಗೂದಿಲ್ಲ. ಹಂಗಾಗಿ ಹೊಲದ ಕೂಡ್ಲೇ ಅಂಚು ಮಡಚಬ್ಯಾಡ್ರಿ. ದಪ್ಪನ್ನ ಹ್ಯಾಂಗರಿಗೆ ಹಾಕಿ ಎರಡು ದಿವಸ ತೂಗ ಬಿಡ್ರಿ. ಹೊಲಿಗಿ ಇದ್ದಲ್ಲಿ ಅರ್ಧದಿಂದ ಒಂದು ಇಂಚು ಕೆಳಗ ಬಂದಿರತೈತಿ. ಆಮ್ಯಾಲೆ ಬೂಟು ಹಾಕ್ಕೊಂಡ ನಿಂದ್ರಿ, ಇನ್ನೊಬ್ಬರು ನೆಲದ ಮ್ಯಾಲೆ ಸ್ಕೇಲ್ ನಿಂದ್ರಿಸಿ ಸುತ್ತಲೂ 5 ಇಂಚಿಗೆ ಸೀಮೆಸುಣ್ಣದ ಗುರುತು ಹಾಕಲಿ. ನೀವು ತಿರಗಬ್ಯಾಡ್ರಿ, ಅವರು ತಿರಗಲಿ. ನೀವು ಬಗ್ಗಿ ನೋಡಿದ್ರ ಒಂದು ಇಂಚು ಫರಕ ಬೀಳತೈತಿ.

ಮಡಿಕಿ ಒಂದೂವರೆ ಇಂಚಿಗಿಂತ ಹೆಚ್ಚು ಬ್ಯಾಡ, ದುಂಡ ಅಂಚಿಗೆ ಹೆಚ್ಚಾದ್ರ ನೆರಿಗಿ ಬೀಳತೈತಿ. ಮಡಿಕಿ ತುದಿಗೆ ಉದ್ದ ಟಾಕಿ ಹಾಕಿ ಒಂಚೂರು ಜಗ್ಗಿ, ಒದ್ದಿ ಅರಿವಿ ಇಟ್ಟು ಇಸ್ತ್ರಿ ಹಬಿ ಕೊಟ್ರ ಹೆಚ್ಚಿನ ಬಟ್ಟಿ ಕುಗ್ಗತೈತಿ. ಆಮ್ಯಾಲೆ ಕೈಹೊಲಿಗಿ. ಒಳಗ 2 ಇಂಚಿನ ಓರೆ ಕ್ಯಾನ್ವಾಸ್ ಪಟ್ಟಿ ಇಟ್ರ ಅಂಚು ದುಂಡಗ ಬೀಸತೈತಿ. ಲೆಹೆಂಗಾಕ್ಕ ಹಾಕೋ ಬಿರುಸು ನೈಲಾನ್ ಪಟ್ಟಿ ಹಾಕಸಬ್ಯಾಡ್ರಿ, ಲ್ಯಾಂಪಿನ ಟೋಪಿ ಆಗತೈತಿ.

ಲೈನಿಂಗು ಕೆಳಗ ಕೋಟಿಗೆ ಕೂಡಿಸಿ ಹೊಲೀಬಾರದು. ಸಡಲ ಬಿಟ್ಟು ಒಂದು ಇಂಚು ಗಿಡ್ಡ ಮಾಡ್ರಿ, ಪ್ರತಿ ಹೊಲಿಗಿ ಹತ್ರ ಒಂದು ಇಂಚಿನ ದಾರದ ಸರಪಳಿಲೆ ಹಿಡಸ್ರಿ. ಬೆನ್ನಾಗ ಒಂದು ಇಂಚು ಪ್ಲೀಟು ಬಿಡ್ರಿ. ಕರೀ ವಿಸ್ಕೋಸ್ ಲೈನಿಂಗ್ ಚಲೋ. ಪಾಲಿಯೆಸ್ಟರ್ ಆದ್ರ ಬೆವರು ಹೀರೂದಿಲ್ಲ, ಮ್ಯಾಲೆ ಪ್ಯಾಂಟಿಗೆ ಅಂಟತೈತಿ.

ಇಸ್ತ್ರಿ ನೇರ ತಾಗಸಬ್ಯಾಡ್ರಿ. ಗ್ಯಾಬರ್ಡಿನ್ನಿಗೆ ಒಮ್ಮೆ ಮಿಂಚು ಬಂತಂದ್ರ ಹೋಗೂದಿಲ್ಲ, ಹೊಲಿಗಿ ಗೆರಿ ಎಲ್ಲಾ ಹೊರಗ ಬೆಳ್ಳಗ ಎದ್ದು ಕಾಣಸ್ತಾವ. ಒಳಮಡಿಕಿ ಕೆಳಗ ಕಾಗದದ ಪಟ್ಟಿ ಇಟ್ಟು, ಮ್ಯಾಲೆ ಒದ್ದಿ ಅರಿವಿ ಹಾಕಿ ಒತ್ತರಿ.

ನೀಲಿಗುಳಿಗೆ:

ಮುಂದಿನ ಅಂಚು ಓರೆಯೇ ಆಗಿತ್ತು, ನೇರ ಮಾಡಿಸಿದೆ. ಹೆಗಲಲ್ಲಿ ಕಾಲು ಇಂಚು ಬಿಟ್ಟ ಮೇಲೆ ನೆಟ್ಟಗೆ ನಿಂತಿದೆ. ನಾಳೆ ಒಳ್ಳೇ ಬಟ್ಟೆಗೆ ಕತ್ತರಿ. ಕೊನೇ ಪ್ರಶ್ನೆ: ಜೇಬು? ಫೋನು ಎಲ್ಲಿಡೋದು?

ಮಿಷನ್_ಪೆಡಲ್:

ಹೊರಗೆ ಜೇಬು ಬೇಡ. ಮುಂದಿನ ಪ್ರಿನ್ಸೆಸ್ ಹೊಲಿಗೆಯಲ್ಲಿ, ಸೊಂಟದಿಂದ 2 ಇಂಚು ಕೆಳಗೆ, ಆರೂವರೆ ಇಂಚು ಬಾಯಿ ಬಿಟ್ಟು ಅಡಗುಜೇಬು ಮಾಡಿಸಿ. ಬಾಯಿಯ ಎರಡು ಅಂಚಿಗೂ ಟೇಪು ಹಾಕಿಸಿ, ಅದು ಓರೆ ಅಂಚು, ಇಲ್ಲದಿದ್ದರೆ ಜೋತುಬೀಳುತ್ತೆ. ಚೀಲದ ಮೇಲ್ತುದಿಯನ್ನ ಸೊಂಟದ ಟೇಪಿಗೆ ಹಿಡಿಸಿ. ಆದರೂ ಫೋನು ಪ್ಯಾಂಟಿನ ಜೇಬಲ್ಲೇ ಇಟ್ಕೊಳ್ಳಿ, ಒಂದೇ ಕಡೆ 200 ಗ್ರಾಂ ತೂಗಿದರೆ ಬೀಸು ಸೊಟ್ಟ ಆಗುತ್ತೆ.

ಧಾರವಾಡ_ದಾರ:

ಮತ್ತ ಬೈಕ್ ಮ್ಯಾಲೆ ಹಾಕ್ಕೊಂಡ ಹೋಗಬ್ಯಾಡ್ರಿ, ಹಿಂದಿನ ಗಾಲಿಗೆ ಸಿಗತೈತಿ. ಚೀಲದಾಗ ಒಯ್ಯಿರಿ, ಮಡಚಬ್ಯಾಡ್ರಿ, ಉದ್ದಕ ಸುತ್ತರಿ. ಎಸ್ಕಲೇಟರಿನ್ಯಾಗ ಇಳಿಯುವಾಗ ಹಿಂದಿನ ಘೇರು ಕೈಯಾಗ ಎತ್ತಿ ಹಿಡೀರಿ, ಐದು ಇಂಚು ಅಲ್ಲಿ ಸಾಲೂದಿಲ್ಲ.